ಶೀ ಚನಯ

ಆ ಪ್ರಿಂಟರಿಗೆ ಒತ್ತಕ್ಷರ ತಿನ್ನುವ ಚಟ ಯಾವತ್ತು ಹತ್ತಿತೋ ಯಾರಿಗೂ ಗೊತ್ತಿಲ್ಲ. ರೋಜಾಳಿಗೆ ಗೊತ್ತಾದದ್ದು ಅದು ಅವಳ ಅಪ್ಪನ ಹೆಸರಿಗೆ ಬಾಯಿ ಹಾಕಿದಾಗ.

ಅಣ್ಣನ ಮದುವೆಯ ಕಾರ್ಡು. ಮೇಲೆ ಬುದ್ಧನ ಚಿತ್ರ, ಸುತ್ತ ತಾವರೆ ಬಳ್ಳಿ, ನಡುವೆ ಖಾಲಿ ಜಾಗ. ಮೈಸೂರಿನಿಂದ ಕಟ್ಟುಗಟ್ಟಲೆ ತರಿಸಿದ ರೆಡಿಮೇಡ್ ಸರಕು. ಆ ಖಾಲಿ ಜಾಗದಲ್ಲಿ ಹೆಸರು, ದಿನ, ಸ್ಥಳ ಹೊಡೆದರೆ ಲಗ್ನಪತ್ರಿಕೆ ತಯಾರು. ರೋಜಾ ಟೈಪ್ ಮಾಡಿ, ಪರದೆಯ ಮೇಲೆ ಎರಡೆರಡು ಸಲ ಓದಿ, ಪ್ರಿಂಟ್ ಒತ್ತಿದಳು. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು ಹಲ್ಲಿಗೆ ಅರ ಹಾಕಿದ ಹಾಗೆ ಕಿರ್ರ್ ಕಿರ್ರ್ ಎನ್ನುತ್ತ ಅತ್ತಿಂದಿತ್ತ ಓಡಾಡಿ ಮೊದಲ ಕಾರ್ಡನ್ನು ಉಗುಳಿತು. ಅದರಲ್ಲಿ ಹೀಗಿತ್ತು:

ಶೀಮತಿ ಪಾಪಮ ಮತು ಶೀ ಚನಯನವರ ಜೇಷ ಪುತ ಚಿ. ರಾಹುಲ್

ಶೀ ಎಂದರೆ ಏನೆಂದು ತೊಟ್ಟಿಲಲ್ಲಿರುವ ಕೂಸಿಗೂ ಗೊತ್ತು. ಕಾಲಿಗೆ ಸಗಣಿ ಮೆತ್ತಿದಾಗ, ಹಾಲಿನಲ್ಲಿ ನೊಣ ತೇಲಿದಾಗ ಬಾಯಿಂದ ತಾನಾಗಿ ಜಾರುವ ಮಾತು. ಅಪ್ಪನ ಹೆಸರಿನ ಮುಂದೆ ಮರ್ಯಾದೆಗೆಂದು ಇಟ್ಟ ಶ್ರೀಕಾರದ ಕಾಲು ಕತ್ತರಿಸಿ ಪ್ರಿಂಟರು ಅದನ್ನು ಹೇಸಿಗೆ ಮಾಡಿಟ್ಟಿತ್ತು. ಅಪ್ಪನಿಗೆ ಶೀ, ಅವ್ವನಿಗೂ ಶೀ. ಒತ್ತಿಲ್ಲದ ಹೆಸರಿನ ರಾಹುಲ್ ಮಾತ್ರ ಕೈಕಾಲು ನೆಟ್ಟಗೆ ಉಳಿದಿದ್ದ.

ಅಂಗಡಿ ಇದ್ದದ್ದು ತಿ. ನರಸೀಪುರದ ಬಸ್ ಸ್ಟ್ಯಾಂಡಿನ ಎದುರು, ಚಿಕ್ಕಸ್ವಾಮಿಯ ಬೇಕರಿಯ ಮೇಲಿನ ಮಹಡಿಯಲ್ಲಿ. ಮಾಲೀಕ ಬಸವಪ್ರಸಾದ್ ತನ್ನ ಹೆಸರನ್ನೇ ಮೊಟಕು ಮಾಡಿ 'ಬಿ.ಪಿ. ಕಂಪ್ಯೂಟರ್ಸ್' ಎಂದು ಬೋರ್ಡು ಹಾಕಿಸಿದ್ದ. ಒಳಗೆ ಬಂದವರಿಗೆಲ್ಲ ಅದೇ ಕಾಯಿಲೆ ಅಂಟಿಸಿ ಕಳಿಸುತ್ತಿದ್ದುದರಿಂದ ಹೆಸರು ಸರಿಯಾಗಿಯೇ ಇದೆ ಎನ್ನುತ್ತಿದ್ದಳು ರೋಜಾ. ಹೆಡ್ಡಾಫೀಸು ನಂಜನಗೂಡಿನಲ್ಲಿ. ಆ ಪದವನ್ನು ಅವಳು ಯಾವಾಗಲೂ ನಡುವೆ ಒಂದು ಉಸಿರು ತೆಗೆದುಕೊಂಡು ಬಿಡಿಸಿ ಹೇಳುತ್ತಿದ್ದಳು: ಹೆಡ್ಡ... ಆಫೀಸು. ಮೈಸೂರಿನ ಕಾಲೇಜಿನಲ್ಲಿ ಬಿ.ಎ. ಮಾಡುವಾಗ ಅವಳು ಪಾಠ ಕಲಿತದ್ದಕ್ಕಿಂತ ಪಾಠ ಮಾಡುವವರ ಗಂಟಲು ಕಲಿತದ್ದು ಹೆಚ್ಚು. ಕಂಡಕ್ಟರ್ ಸೀಟಿ, ಪ್ರಿನ್ಸಿಪಾಲರ ಕೆಮ್ಮು, ಪ್ರಿಂಟರಿನ ಕಿರಿಚಾಟ ಎಲ್ಲ ಅವಳ ಬಾಯಲ್ಲಿ ಬಾಡಿಗೆಗಿದ್ದವು.

ಬಿ.ಪಿ.ಯನ್ನು ಅಣಕಿಸುವುದಂತೂ ಅವಳಿಗೆ ನೀರು ಕುಡಿದಷ್ಟು ಸಲೀಸು. ಅವನ ಬಾಯಲ್ಲಿ ಎಲೆಅಡಿಕೆ ಹೊಗೆಸೊಪ್ಪು ಇಲ್ಲದ ಗಳಿಗೆಯೇ ಇರಲಿಲ್ಲ. ತುಂಬಿದ ಬಾಯಿಯಿಂದ ರಸ ಸೋರದಂತೆ ಗದ್ದ ಮೇಲೆತ್ತಿ, ಕೆಳತುಟಿಯನ್ನು ಮೊರದ ಹಾಗೆ ಚಾಚಿ ಮಾತಾಡುತ್ತಿದ್ದ. ಆಗ ನಾಲಿಗೆಗೆ ಹೊರಳಲು ಜಾಗವಿಲ್ಲದೆ ಒತ್ತಕ್ಷರಗಳೆಲ್ಲ ರಸದಲ್ಲೇ ಮುಳುಗಿ ಹೋಗುತ್ತಿದ್ದವು. ಬಾಯಿಗೆ ಒಂದು ಬನ್ನು ತುರುಕಿಕೊಂಡರೆ ಬಿ.ಪಿ. ತಯಾರು ಎಂದು ರೋಜಾ ಮನೆಯಲ್ಲಿ ಮಾಡಿ ತೋರಿಸಿ ಅಪ್ಪ ಅವ್ವನನ್ನು ನಗಿಸುತ್ತಿದ್ದಳು.

ಅವಳು ಕೂರುವ ಕಂಪ್ಯೂಟರು ಡಿಸ್ಕ್ ಇಲ್ಲದ್ದು. ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ ಬಾಗಿಲು ಮುಚ್ಚಿದ ಯಾವುದೋ ಕಾರ್ಖಾನೆಯ ಹರಾಜಿನಲ್ಲಿ ಬಿ.ಪಿ. ಅಂಥವು ಎರಡನ್ನು ಎತ್ತಿಕೊಂಡು ಬಂದಿದ್ದ. 'ಡಿಸ್ಕ್ ಇಲ್ಲ, ರಿಸ್ಕ್ ಇಲ್ಲ' ಎನ್ನುವುದು ಗಿರಾಕಿಗಳ ಮುಂದೆ ಅವನ ಹೆಚ್ಚುಗಾರಿಕೆ. ಅಸಲು ಸಂಗತಿ ಬೇರೆ. ಡಿಸ್ಕ್ ಇಲ್ಲ ಎಂದರೆ ಅದಕ್ಕೆ ತನ್ನದು ಅಂತ ಏನೂ ಇಲ್ಲ. ಬೆಳಿಗ್ಗೆ ಸ್ವಿಚ್ ಹಾಕಿದರೆ ತಾನು ಯಾರು ಎಂಬುದೂ ಗೊತ್ತಿರುವುದಿಲ್ಲ. ಒಂದು ಕರಿ ವೈರು ಹಿಡಿದುಕೊಂಡು ಗಾಜಿನ ಕೋಣೆಯೊಳಗಿನ ದೊಡ್ಡ ಕಂಪ್ಯೂಟರನ್ನು, ಅಂದರೆ ಸರ್ವರನ್ನು, ಕೇಳಬೇಕು. ರೋಜಾ ಅದಕ್ಕೆ ಜೀತದಾಳಿನ ದನಿ ಕೊಟ್ಟಿದ್ದಳು: "ಬುದ್ದೀ, ನಾನ್ಯಾರು? ಇವೊತ್ತೇನ್ ಕೆಲ್ಸ ಮಾಡ್ಲಿ?" ಒಳಗಿನಿಂದ ಅಪ್ಪಣೆಯಾದ ಮೇಲೆಯೇ ಅದರ ಮುಖದ ಮೇಲೆ ಬೆಳಕು. ಪ್ರಿಂಟರು ಅವಳ ಮೊಣಕೈಗೆ ತಾಗುವಷ್ಟು ಹತ್ತಿರದಲ್ಲಿದ್ದರೂ ಅವಳು ಅದಕ್ಕೆ ನೇರವಾಗಿ ಏನೂ ಹೇಳುವ ಹಾಗಿಲ್ಲ. ಟೈಪ್ ಮಾಡಿದ್ದು ವೈರಿನ ಮೂಲಕ ಗಾಜಿನ ಕೋಣೆಗೆ ಹೋಗಿ, ಅಲ್ಲಿ ಸಾಲಿನಲ್ಲಿ ನಿಂತು, ಸರ್ವರ್ ಹಾಕಿದ ಕಟ್ಟುಪಾಡು ಕಟ್ಟಿಸಿಕೊಂಡು ಆಚೆ ಬರಬೇಕು.

ಇಂಥ ಹೊರಗಿನ ಮಿಷಿನ್ನಿಗೆ ಕಂಪ್ಯೂಟರ್ ಭಾಷೆಯಲ್ಲಿ 'ನೋಡ್' ಎನ್ನುತ್ತಾರೆ. ನೋಡ್ ಅಂತಾರೆ, ಮುಟ್ಟು ಅನ್ನಲ್ಲ, ಎಂದಿದ್ದಳು ರೋಜಾ ಕೆಲಸಕ್ಕೆ ಸೇರಿದ ವಾರದಲ್ಲೇ. ಯಾಕೆಂದರೆ ಗಾಜಿನ ಬಾಗಿಲ ಮೇಲೆ 'ಪಾದರಕ್ಷೆ ಬಿಟ್ಟು ಒಳಗೆ ಬನ್ನಿ' ಎಂದು ಬರೆದಿತ್ತು. ಪಾದರಕ್ಷೆ ಬಿಟ್ಟರೂ ಅವಳಿಗೆ ಮಾತ್ರ ಒಳಗೆ ಬಾ ಎಂದವರಿಲ್ಲ. "ಧೂಳಾಯ್ತದೆ ಕಣಮ್ಮ, ಸರ್ವರ್ ಸೂಕ್ಷ್ಮ" ಎನ್ನುತ್ತಿದ್ದ ಬಿ.ಪಿ., ಅದನ್ನು ಹೇಳಲೆಂದೇ ಬಾಯೊಳಗಿನದನ್ನು ಉಗಿದು. ಗಿರಾಕಿಗಳ ಮಕ್ಕಳು ಐಸ್‌ಕ್ಯಾಂಡಿ ಸುರಿಸಿಕೊಂಡು ಒಳಗೆಲ್ಲ ಓಡಾಡುತ್ತಿದ್ದವು. ಅವುಗಳ ಕಾಲಿಗಿಲ್ಲದ ಧೂಳು ತನ್ನ ಕಾಲಿಗೆ ಯಾವ ಬೀದಿಯಿಂದ ಅಂಟಿಕೊಂಡಿದೆ ಎಂಬುದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಹೆಸರು ಮಾತ್ರ ಸರ್ವರ್, ಸರ್ವರಿಗೂ ಪ್ರವೇಶವಿಲ್ಲ.

ಇದೆಲ್ಲ ದಿನಾ ನುಂಗುವ ಉಗುಳು, ನುಂಗಿಕೊಂಡಿದ್ದಳು. ಇವತ್ತಿನ ಕಾರ್ಡು ಗಂಟಲಲ್ಲಿ ಇಳಿಯಲಿಲ್ಲ.

ಅವಳ ಅಪ್ಪ ಚನ್ನಯ್ಯನವರು ಹೊಳೆಯಾಚೆಯ ಊರಿನಲ್ಲಿ ನೀರುಗಂಟಿ. ಕಾಲುವೆಯ ತೂಬು ಎತ್ತಿ ಇಳಿಸಿ ಊರಿನ ಗದ್ದೆಗಳಿಗೆಲ್ಲ ಸರದಿಯ ಮೇಲೆ ನೀರು ಹಾಯಿಸುವ ಕೆಲಸ. "ಚನ್ನಾ, ತೂಬೆತ್ಲಾ" ಎಂದು ಮೀಸೆ ಬಂದವರೂ ಕರೆದರು, ಮೂಗು ಸುರಿಸುವವರೂ ಕರೆದರು. ಹೆಸರಿನ ಕೊನೆಯ 'ಅಯ್ಯ' ಕಾಲುವೆ ಏರಿಯ ಮೇಲೆ ಎಲ್ಲೋ ಬಿದ್ದುಹೋಗಿತ್ತು; ಸಿಕ್ಕಿದವರು ಯಾರೂ ವಾಪಸ್ಸು ತಂದುಕೊಟ್ಟಿರಲಿಲ್ಲ. ವಯಸ್ಸಾದ ಮೇಲೆ ಸಾಕ್ಷರತೆಯ ಕ್ಲಾಸಿಗೆ ಹೋಗಿ ಕುಳಿತಾಗ ಅವರು ಎಲ್ಲಕ್ಕಿಂತ ಮೊದಲು ಹಠ ಹಿಡಿದು ಕಲಿತದ್ದು ಆ ಕೊನೆಯ ಅಕ್ಷರವನ್ನೇ. ಯ ಬರೆದು ಅದರ ಕೆಳಗೆ ಕೊಡಲಿಯ ಬಾಯಿಯಂತೆ ಒತ್ತು ಇಡುವುದನ್ನು ಸ್ಲೇಟಿನ ತುಂಬ ತಿದ್ದಿದ್ದರು. ರೋಜಾ ಈ ಅಂಗಡಿಗೆ ಸೇರಿದಾಗ ಅವರು ಕೇಳಿದ್ದು ಒಂದೇ. "ರಾವುಲನ ಮದ್ವೆ ಕಾಗ್ದದಲ್ಲಿ ನನ್ ಎಸ್ರು ಪೂರ್ತಾ ಬರ್ಲಿ ಮಗಾ. ನಾನೇ ಒತ್ಕೊಂಡೋಗಿ ಮನೆಮನೆಗೂ ಕೊಟ್ಟು ಬತ್ತೀನಿ. ಓದ್ಕಳ್ಳಿ."

ಮೊದಲ ಕಾರ್ಡು ಊರಿನ ದೊಡ್ಡಮನೆಗೆ. ಬೆಳಗಾದರೆ ಹಂಚಲು ಹೊರಡಬೇಕು. ಹೆಣ್ಣಿನ ಕಡೆಯವರು ಹುಲ್ಲಹಳ್ಳಿಯಲ್ಲಿ ತಮ್ಮ ಪಾಲಿನದಕ್ಕೆ ಕಾದಿದ್ದಾರೆ. ಚನ್ನಯ್ಯನವರು ಮಧ್ಯಾಹ್ನದ ಬಸ್ಸಿಗೆ ಕಾರ್ಡು ತೆಗೆದುಕೊಂಡು ಹೋಗಲು ಬರುವವರಿದ್ದರು. ಶೀ ಚನಯನವರ ಕೈಗೆ ಶೀ ಚನಯನವರ ಕಾರ್ಡನ್ನು ಹೇಗೆ ಕೊಡುವುದು?

ರೋಜಾ ಮೊದಲು ರಿಬ್ಬನ್ನಿನ ಮೇಲೆ ಅನುಮಾನಪಟ್ಟಳು. ಕೈಯೆಲ್ಲ ಮಸಿ ಮಾಡಿಕೊಂಡು ಹೊಸದು ಹಾಕಿದಳು. ಶೀ. ಪ್ರಿಂಟರಿನ ಮುಚ್ಚಳ ತೆಗೆದು ಉರುಳೆಯ ಅಡಿಯಲ್ಲಿ ಕಾಗದ ಸಿಕ್ಕಿದೆಯಾ ಎಂದು ಬೆರಳು ಹಾಕಿದರೆ ಅಲ್ಲಿ ಹಲ್ಲಿ. ಯಾವ ಕಾಲದಲ್ಲೋ ಸತ್ತು, ಒಣಗಿ, ಹಪ್ಪಳವಾಗಿ, ಬೆರಳು ತಾಗಿದೊಡನೆ ಬಾಲ ಬೇರೆ, ತಲೆ ಬೇರೆ ಆಯಿತು. ಅದನ್ನು ರಟ್ಟಿನ ತುಂಡಿನಲ್ಲಿ ಕೆರೆದು ಎಸೆದು, ಕೈಯನ್ನು ಮೂರು ಸಲ ಸೋಪು ಹಾಕಿ ತೊಳೆದು ಬಂದು ಮತ್ತೆ ಒತ್ತಿದಳು. ಶೀ. ಅಕ್ಷರದ ಗಾತ್ರ ದೊಡ್ಡದು ಮಾಡಿದಳು, ದೊಡ್ಡ ಶೀ. ಬೇರೆ ಫಾಂಟು ಹಾಕಿದಳು, ಅಲಂಕಾರದ ಶೀ. ಕಂಪ್ಯೂಟರನ್ನು ಆರಿಸಿ ಹೊತ್ತಿಸಿದಳು. ಅದು ಮತ್ತೆ ಬುದ್ದೀ ನಾನ್ಯಾರು ಎಂದು ಒಳಗೆ ಕೇಳಿಕೊಂಡು, ಮಂಪರಿನಿಂದ ಎದ್ದು, ಅದೇ ಶೀ ಎಂದಿತು. ಪಕ್ಕದ ಇನ್ನೊಂದು ನೋಡ್‌ನಲ್ಲಿ ಕುಳಿತು ಕೊಟ್ಟರೂ ಅದೇ ರಾಗ. ಒತ್ತಿದಷ್ಟೂ ಒತ್ತಿಲ್ಲ.

ಇದುವರೆಗೆ ಇದು ಯಾರ ಕಣ್ಣಿಗೂ ಬೀಳದಿದ್ದದ್ದು ಯಾಕೆ ಎಂಬುದು ಅವಳಿಗೆ ಆಮೇಲೆ ಹೊಳೆಯಿತು. ಹೊರಗಿನ ಮಿಷಿನ್ನುಗಳಲ್ಲಿ ಹೊಡೆಯುತ್ತಿದ್ದದ್ದು ಬರೀ ಗೊಬ್ಬರದಂಗಡಿ, ಅಕ್ಕಿ ಗಿರಣಿಗಳ ಇಂಗ್ಲಿಷ್ ಬಿಲ್ಲು. ಕನ್ನಡದ ಕೆಲಸ ಬಂದರೆ ಬಿ.ಪಿ. ಒಳಗಿನ ಸರ್ವರಿನಲ್ಲೇ ಕುಳಿತು ಮಾಡುತ್ತಿದ್ದ. ಇದು ರೋಜಾಳ ಮನೆ ಕೆಲಸವಾದ್ದರಿಂದ 'ಆಚೇದ್ರಲ್ಲೇ ಮಾಡ್ಕೊ' ಎಂದಿದ್ದ.

ಅಷ್ಟರಲ್ಲಿ ಬಿ.ಪಿ. ಒಳಗಿನಿಂದ ತನ್ನದೊಂದು ಕರಪತ್ರ ಹೊಡೆದ. ಅವಳ ಪಕ್ಕದ ಅದೇ ಪ್ರಿಂಟರು, ಅದೇ ರಿಬ್ಬನ್ನಿನಲ್ಲಿ, 'ಶ್ರೀ ನಂಜುಂಡೇಶ್ವರ ಪ್ರಸನ್ನ' ಎಂದು ಒಂದು ಒತ್ತೂ ಬಿಡದೆ ಮಡಿಯುಟ್ಟ ಹಾಗೆ ಮುದ್ರಿಸಿತು. ರೋಜಾ ಅದನ್ನೂ ತನ್ನ ಕಾರ್ಡನ್ನೂ ಅಕ್ಕಪಕ್ಕ ಹಿಡಿದು ನೋಡಿದಳು. ಪ್ರಿಂಟರಿಗೆ ಒತ್ತು ಬರುತ್ತದೆ. ಯಾರಿಗೆ ಕೊಡಬೇಕು, ಯಾರಿಗೆ ಬೇಡ ಎಂಬುದೂ ಗೊತ್ತಿದೆ. ದೋಷ ತನ್ನ ಮಿಷಿನ್ನಿನದಲ್ಲ, ಪ್ರಿಂಟರಿನದೂ ಅಲ್ಲ. ಗಾಜಿನ ಕೋಣೆಯೊಳಗೆ ಹೊರಗಿನವರಿಗೆಂದು ಬರೆದಿಟ್ಟ ಯಾವುದೋ ಕಟ್ಟುಪಾಡಿನದು.

ಅವಳು ಗಾಜಿನ ಬಾಗಿಲ ಬಳಿ ನಿಂತು ಕಾರ್ಡು ತೋರಿಸಿದಳು. ಬಿ.ಪಿ. ಅದನ್ನು ಕೈಯಲ್ಲಿ ತೆಗೆದುಕೊಳ್ಳಲಿಲ್ಲ. ಗಾಜಿನಾಚೆಯಿಂದಲೇ ಕಣ್ಣು ಕಿರಿದು ಮಾಡಿ ಓದಿದ. ನಗುವಿಗೆ ಹೊಟ್ಟೆ ಕುಣಿಯಿತು. ಮೇಜಿನ ಕೆಳಗಿನ ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿಯನ್ನು ತೆಗೆದು ಅದರೊಳಗೆ ಪಿಚಕ್ಕನೆ ಉಗಿದು, ಕೆಂಪು ನೂಲೊಂದು ತುಟಿಯಿಂದ ಬಾಟಲಿಯವರೆಗೆ ಜೋತಾಡಿ ಹರಿಯುವವರೆಗೆ ಕಾದು, ಆಮೇಲೆ ಹೇಳಿದ.

"ಸರ್ಯಾಗೇ ಅದಲ್ಲಮ್ಮ. ನಿಮ್ ಕಡೆ ಯಾರು ಒತ್ತು ಕೊಟ್ಟು ಮಾತಾಡ್ತಾರೆ? ಬೇಕೇ ಬೇಕು ಅಂದ್ರೆ ಪೆನ್ನಲ್ಲಿ ಇಟ್ಕೊ."

ಒಳಗಿನ ಮಿಷಿನ್ನಿನಲ್ಲಿ ಒಂದೇ ಒಂದು ಸಲ ಹೊಡೆದುಕೊಳ್ಳುತ್ತೇನೆ ಎಂದು ರೋಜಾ ಕೇಳಿದಳು. ಅವನು ಬಾಗಿಲ ಮೇಲಿನ ಬರಹದ ಕಡೆ ಗದ್ದ ತೋರಿಸಿ, ಹೊಸ ಎಲೆಗೆ ಸುಣ್ಣ ಹಚ್ಚತೊಡಗಿದ. ನಂಜನಗೂಡಿನಿಂದ ಅಮೃತೇಶ ಬರುತ್ತಿದ್ದಾನೆ, ಅವನಿಗೆ ತೋರಿಸು ಎಂದು ಸಾಗಹಾಕಿದ. ಆಮೇಲೆ ಕೋಣೆಗೆ ಬೀಗ ಹಾಕಿ ಊಟಕ್ಕೆ ಮನೆಗೆ ನಡೆದ.

ಅಮೃತೇಶ ಬಿ.ಪಿ.ಯ ಅಕ್ಕನ ಮಗ. ಹೆಡ್ಡಾಫೀಸಿನ ಇಂಜಿನಿಯರು. ಸುತ್ತೂರಿನ ಮೇಲೆ ಬರುವ ಬಸ್ಸಿನಲ್ಲಿ ನಿಂತು ಬಂದು, ಬೆವರು ಒರೆಸಿಕೊಳ್ಳುತ್ತ ಮಹಡಿ ಹತ್ತಿದ. ಕೆಟ್ಟವನಲ್ಲ. ಕೋಣೆಯ ಇನ್ನೊಂದು ಬೀಗದ ಕೈ ಇಟ್ಟುಕೊಂಡಿದ್ದ, ಆದರೆ ಮಾಮನ ಅಪ್ಪಣೆಯಿಲ್ಲದೆ ಜೇಬಿನಿಂದ ತೆಗೆಯುತ್ತಿರಲಿಲ್ಲ. ಕಾರ್ಡು ನೋಡಿದವನೇ, ಮುದ್ರೆ ಒತ್ತು ಅಂದ್ರೆ ಮುದ್ದೆ ಒತ್ತಿದೆಯಲ್ಲ ಇದು ಎಂದು ನಕ್ಕ. ಅಷ್ಟಕ್ಕೆ ನಿಲ್ಲಿಸಿದ್ದರೆ ರೋಜಾಳೂ ನಗುತ್ತಿದ್ದಳೋ ಏನೋ. ಅವನು ಕಾರ್ಡನ್ನು ಮೇಲೆತ್ತಿ ಹಿಡಿದು, ಬೆನ್ನು ಬಾಗಿಸಿ, ಕಂಕುಳಲ್ಲಿ ಕೈ ಸಿಕ್ಕಿಸಿಕೊಂಡು, ತೂಬಿನ ಹತ್ತಿರ ನಿಂತ ಮುದುಕನ ದನಿಯಲ್ಲಿ ಎಳೆದು ಎಳೆದು ಓದಿದ. "ಸೀ... ಚನಯ್ನೋರ... ಜೇಸ ಪುತ..."

ದನಿ ತಪ್ಪಿರಲಿಲ್ಲ, ಅದೇ ಅವಳಿಗೆ ಹೇಸಿಗೆ ಎನಿಸಿದ್ದು. ಅವಳೂ ಅಣಕಿಸುವವಳೇ, ಎಷ್ಟು ಚೆನ್ನಾಗಿದೆ ಎಂಬುದು ಅವಳಿಗೆ ಗೊತ್ತಾಗುತ್ತಿತ್ತು. ಮೇಲಿದ್ದವರ ಕಡೆಗೆ ಉಗಿಯಲು ಸ್ವಲ್ಪವಾದರೂ ಕತ್ತು ಎತ್ತಬೇಕು. ಇದು ಬರೀ ಕಿಟಕಿಯಿಂದ ಕೆಳಗೆ ಉಗಿದದ್ದು. ಆ ಬಾಗಿದ ಬೆನ್ನು ತನ್ನ ಅಪ್ಪನದೆಂದು ಅವಳು ಮೆಲ್ಲಗೆ ಹೇಳಿದಳು. ಅಮೃತೇಶನ ಬೆನ್ನು ತಾನಾಗಿ ನೆಟ್ಟಗಾಯಿತು. ಕಾರ್ಡನ್ನು ಎರಡು ಕೈಯಲ್ಲಿ ಮೇಜಿನ ಮೇಲಿಟ್ಟ.

ಪ್ರಿಂಟರನ್ನು ಸುಮ್ಮಸುಮ್ಮನೆ ತಟ್ಟಿ, ಕಡೆಗೆ ಬಾಯಿ ಬಿಟ್ಟ. ಅದು ಅವನೇ ಮಾಡಿಟ್ಟದ್ದು. ಅಂಗಡಿ ಶುರುವಾದಾಗ, ಒಂದೊಂದು ಹಾಳೆಯಲ್ಲೂ ಹೆಚ್ಚು ಸಾಲು ಹಿಡಿಸಬೇಕು, ಹೊರಗಿನ ಮಿಷಿನ್ನುಗಳ ಸಾಲಿನ ಎತ್ತರ ಕಡಿಮೆ ಮಾಡು ಎಂದು ಮಾಮ ಹೇಳಿದ್ದ. ಹಾಗೆ ಮಾಡಿದರೆ ಪ್ರತಿ ಸಾಲಿನ ಕೆಳತುದಿ ಕತ್ತರಿಸಿ ಹೋಗುತ್ತದೆ ಎಂದು ಅಮೃತೇಶ ಹೇಳಿದಾಗ, ಕೆಳಗಡೆ ಏನಿರ್ತದೆ ಬುಡಲಾ, ಅಲ್ಲಿರೋರು ಯಾರು ಕೇಳ್ತಾರೆ, ಎಂದಿದ್ದನಂತೆ. ಬಿಲ್ಲಿನ ಕ್ಯಾಪಿಟಲ್ ಇಂಗ್ಲಿಷ್ ಅಕ್ಷರಗಳಿಗೆ ಕೆಳಗೆ ಸಂಸಾರವಿಲ್ಲ; ಯಾವುದೂ ಕೇಳಲಿಲ್ಲ. ಕನ್ನಡಕ್ಕೆ ಅರ್ಧ ಜೀವ ಇರುವುದೇ ಅಲ್ಲಿ. ಒಳಗಿನಿಂದ ಹೊಡೆದರೆ ಈ ಕಟ್ಟುಪಾಡಿಲ್ಲ.

ಹಾಗಾದರೆ ಸರಿಮಾಡು ಎಂದಳು ರೋಜಾ. ಸರ್ವರಿನಲ್ಲಿ ಒಂದು ಸಾಲು ಬದಲಿಸಿದರೆ ಮುಗಿಯಿತು, ಎಂದ ಅಮೃತೇಶ. ಆದರೆ ಮಾಮ ಬರಲಿ, ಕೇಳದೆ ಬೀಗ ತೆಗೆದರೆ ಬಯ್ತಾರೆ. ಅವಳು ಅವನ ಹೆಸರನ್ನು ಟೈಪ್ ಮಾಡಿ ತನ್ನ ಮಿಷಿನ್ನಿನಿಂದ ಹೊಡೆದು ಅವನ ಮುಂದೆ ಹಿಡಿದಳು. ಅಮತೇಶ. ತನಗೆಂದು ಒಂದು ಮತವೂ ಇಲ್ಲದ ಈಶ. ಅವನು ಪೆಚ್ಚು ನಗೆ ನಕ್ಕು ಜೇಬನ್ನು ಮುಟ್ಟಿ ನೋಡಿಕೊಂಡ, ಬೀಗದ ಕೈ ತೆಗೆಯಲಿಲ್ಲ.

ಬಸ್ ಸ್ಟ್ಯಾಂಡಿಗೆ ಊರಿನ ಬಸ್ಸು ಬರುವ ಹೊತ್ತಾಗಿತ್ತು. ರೋಜಾ, ಟೀ ಕುಡಿದು ಬರ್ತೀನಿ ಎಂದು ಕೆಳಗಿಳಿದಳು. ಬೇಕರಿಯಲ್ಲಿ ಒಂದು ಬನ್ನು ಕೊಂಡು, ಅರ್ಧ ಮುರಿದು ಎಡದವಡೆಗೆ, ಇನ್ನರ್ಧ ಬಲದವಡೆಗೆ ತುರುಕಿಕೊಂಡಳು. ಚಿಕ್ಕಸ್ವಾಮಿ ಗಾಬರಿಯಿಂದ ನೀರಿನ ಲೋಟ ಮುಂದೆ ಹಿಡಿದ. ಅವಳು ಬೇಡವೆಂದು ಕೈಯಾಡಿಸಿ, ಅವನ ಎಸ್‌ಟಿಡಿ ಬೂತಿನ ಬಾಗಿಲೆಳೆದುಕೊಂಡು ಮಹಡಿಯ ಮೇಲಿನ ಅಂಗಡಿಗೇ ಫೋನು ಹಚ್ಚಿದಳು. ಗದ್ದ ಮೇಲೆತ್ತಿದಳು, ಕೆಳತುಟಿ ಚಾಚಿದಳು.

"ಅಮತೇಶ... ಆಚೆ ಮಿಶಿನಿಗೂ ಒಳಗಿನ ಲೆಕಾನೇ ಹಾಕಲಾ. ಆ ಹುಡುಗೀನೂ ಒಳಕೆ ಸೇಸು. ಮುಗೀಲಿ ಪೀಡೆ."

ಆ ಕಡೆಯಿಂದ "ಆಗ್ಲಿ ಮಾಮ" ಎಂಬ ಮಾತು ಅವಳು ಫೋನಿಡುವ ಮೊದಲೇ ಬಂದಿತು.

ಅವಳು ಬನ್ನು ನುಂಗಿ ಮೇಲೆ ಬಂದಾಗ ಗಾಜಿನ ಬಾಗಿಲು ತೆರೆದಿತ್ತು. ಅಮೃತೇಶ ಮೂಗಿಗೆ ಕರ್ಚೀಫು ಒತ್ತಿಕೊಂಡು ನಿಂತಿದ್ದ. ಅವಳು ಚಪ್ಪಲಿ ಬಿಡಲು ಬಗ್ಗಿದಳು. ಬಿಡಬೇಡ, ಹಾಕ್ಕೊಂಡೇ ಬಾ ಎಂದು ಅವನೇ ಹೇಳಿದ.

ಇಷ್ಟು ದಿನ ಧೂಳಾಗುತ್ತದೆಂದು ಅವಳನ್ನು ಬಿಡದಿದ್ದ ಜಾಗ ಇದು. ಯಾರನ್ನೂ ಗುಡಿಸಲು ಬಿಡದಿದ್ದುದರಿಂದ ಗುಡಿಸಿಯೇ ಇರಲಿಲ್ಲ. ಕಾಲಿಟ್ಟಲ್ಲಿ ನೆಲ ಅಂಟಿತು, ಎತ್ತಿದಾಗ ಚಟ್ ಎಂದಿತು. ಮೂಲೆಯಲ್ಲಿ ರಸಬಾಳೆಯ ಸಿಪ್ಪೆಗಳು ಕಪ್ಪು ತೊಗಲಾಗಿ ಒಂದರ ಮೇಲೊಂದು ಮಲಗಿದ್ದವು. ಕುರ್ಚಿಯ ಬೆನ್ನಿಗೆ ಸಾಕ್ಸು ಒಣಗಲು ಹಾಕಿತ್ತು, ಒಣಗುವ ಆಸೆಯನ್ನು ಅದು ಯಾವತ್ತೋ ಬಿಟ್ಟಿತ್ತು. ಸರ್ವರಿನ ನೆತ್ತಿಯ ಮೇಲೆ ಹೋದ ಆಯುಧಪೂಜೆಯ ಚೆಂಡುಹೂವಿನ ಹಾರ, ಅದರೊಳಗೆ ಗೂಡು ಕಟ್ಟಿದ ಇಲಿ, ಇಲಿಯ ಹಿಕ್ಕೆ ಕೀಬೋರ್ಡಿನ ಅಕ್ಷರಗಳ ನಡುವೆ ಒತ್ತಕ್ಷರದ ಹಾಗೆ. ಏಸಿಯ ತಂಪಿನಲ್ಲಿ ಹೊಗೆಸೊಪ್ಪಿನ ವಾಸನೆ, ಹಳಸಿದ ಮೊಸರನ್ನದ ವಾಸನೆ, ಮನುಷ್ಯನ ವಾಸನೆ ಮೂರೂ ಹೆಪ್ಪುಗಟ್ಟಿದ್ದವು. ಮೇಜಿನ ಕೆಳಗೆ ಆ ಬಾಟಲಿ. ಅರ್ಧಕ್ಕಿಂತ ಮೇಲೆ ತುಂಬಿತ್ತು. ಮೇಲೊಂದು ಜಿರಲೆ ಮೀಸೆ ಅಲ್ಲಾಡಿಸುತ್ತ ತೇಲುತ್ತಿತ್ತು, ಇನ್ನೂ ಜೀವವಿತ್ತು.

ರೋಜಾಳ ಬನ್ನು ಗಂಟಲವರೆಗೆ ವಾಪಸ್ಸು ಬಂದು ಬಗ್ಗಿ ನೋಡಿ ಹೋಯಿತು. ಈ ಕೊಚ್ಚೆಗೆ ಮಡಿ ಎಂದು ಹೆಸರಿಟ್ಟು, ದಿನಾ ಮಿಂದು ಬರುವ ತನ್ನನ್ನು ಹೊಸ್ತಿಲಾಚೆ ನಿಲ್ಲಿಸಿದ್ದರಲ್ಲ ಎಂದು ಅವಳಿಗೆ ಸಿಟ್ಟು ಬರಲಿಲ್ಲ; ಸಿಟ್ಟಿಗೂ ಒಂದಿಷ್ಟು ಗೌರವ ಬೇಕು. ಮೈ ಮುಳ್ಳೆದ್ದಿತು, ಅಷ್ಟೆ. ಶೀ ಎಂಬ ಮಾತು ಇಷ್ಟು ಹೊತ್ತು ಹುಡುಕುತ್ತಿದ್ದ ವಿಳಾಸ ಇದೇ ಇರಬೇಕು.

ಅಮೃತೇಶನೂ ತಡೆಯಲಾರದೆ, ಬಾಟಲಿಯನ್ನು ಎರಡು ಬೆರಳಲ್ಲಿ ಹಿಡಿದು, ಕತ್ತು ತಿರುಗಿಸಿಕೊಂಡು ಹೋಗಿ ಹಿತ್ತಲ ಕಿಟಕಿಯಿಂದ ತಿಪ್ಪೆಗೆ ಎಸೆದು ಬಂದ. ಆಮೇಲೆ ನಿಂತೇ ಟೈಪ್ ಮಾಡಿದ. ಹೊರಗಿನ ಮಿಷಿನ್ನಿನ ಸಾಲಿನ ಎತ್ತರ ಅಳಿಸಿ, ಒಳಗಿನದಕ್ಕೆ ಇದ್ದದ್ದನ್ನೇ ಹಾಕಿದ. ರೋಜಾ ಹೊರಗೆ ಬಂದು ತನ್ನ ಜಾಗದಲ್ಲಿ ಕುಳಿತು, ಮಿಷಿನ್ನನ್ನು ಆರಿಸಿ ಹೊತ್ತಿಸಿ, ಅದು ಒಳಗೆ ಹೋಗಿ ತಾನು ಯಾರೆಂದು ಕೇಳಿಕೊಂಡು ಬರುವವರೆಗೆ ಕಾದು, ಕಾರ್ಡು ಸಿಕ್ಕಿಸಿ ಒತ್ತಿದಳು.

ಶ್ರೀಮತಿ ಪಾಪಮ್ಮ ಮತ್ತು ಶ್ರೀ ಚನ್ನಯ್ಯನವರ ಜ್ಯೇಷ್ಠ ಪುತ್ರ.

ಎರಡನೆಯದೂ ಹಾಗೆಯೇ ಬಂತು. ಮೂರನೆಯದು ಬರುವಷ್ಟರಲ್ಲಿ ಮೆಟ್ಟಿಲ ಬಾಗಿಲಲ್ಲಿ ಚನ್ನಯ್ಯನವರು ನಿಂತಿದ್ದರು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಕಾರ್ಡು ಹಾಕಿಕೊಳ್ಳಲು ತಂದ ಬಟ್ಟೆ ಚೀಲ. ರೋಜಾ ಒಂದು ಕಾರ್ಡು ಕೊಟ್ಟಳು. ಅವರು ಬೆಳಕಿಗೆ ಹಿಡಿದು, ಬೆರಳನ್ನು ಅಕ್ಷರದ ಕೆಳಗೆ ಓಡಿಸುತ್ತ, ಒಂದೊಂದು ಒತ್ತು ಬಂದಾಗಲೂ ಬೆರಳನ್ನು ಸ್ವಲ್ಪ ಕೆಳಗಿಳಿಸಿ ಮೇಲೆತ್ತುತ್ತ ಓದಿದರು. ತಮ್ಮ ಹೆಸರು ಮುಗಿದ ಮೇಲೂ ಬೆರಳು ಅಲ್ಲೇ ಇತ್ತು.

ಆಗಲೇ ಬಿ.ಪಿ. ಊಟ ಮುಗಿಸಿ, ಮೂರೆಲೆ ಒಟ್ಟಿಗೆ ಜಡಿದು, ಕೆನ್ನೆ ಉಬ್ಬಿಸಿಕೊಂಡು ಮೆಟ್ಟಿಲೇರಿ ಬಂದ. ತೆರೆದ ಗಾಜಿನ ಬಾಗಿಲು ಕಂಡಿತು, ಒಳಗಿದ್ದ ಅಮೃತೇಶ ಕಂಡ, ಅಂಟು ನೆಲದ ಮೇಲೆ ಹೆಂಗಸಿನ ಚಪ್ಪಲಿಯ ಗುರುತು ಕಂಡಿತು. ಯಾರು ಬೀಗ ತೆಗೆದದ್ದು ಎಂದು ಅವನು ಗುರುಗುಟ್ಟಿದಾಗ, ನೀವೇ ಫೋನಲ್ಲಿ ಹೇಳಿದ್ರಲ್ಲ ಮಾಮ ಎಂದ ಅಮೃತೇಶ. ಬಿ.ಪಿ.ಗೆ ಬಯ್ಯಬೇಕಿತ್ತು, ಬಯ್ಯಲು ಬಾಯಲ್ಲಿ ಜಾಗವಿರಲಿಲ್ಲ. ಒಳಗೆ ನುಗ್ಗಿ ಮೇಜಿನ ಕೆಳಗೆ ಕೈ ಹಾಕಿ ತಡಕಿದ. ಬಾಟಲಿ ಇರಲಿಲ್ಲ. ಹೊರಗೆ ಬಂದ. ಮೆಟ್ಟಿಲ ಬಾಗಿಲಿಗೆ ಅಡ್ಡವಾಗಿ ಚನ್ನಯ್ಯನವರು ನಿಂತಿದ್ದರು.

ಅವರು ಎರಡು ಕೈಯಲ್ಲಿ ಒಂದು ಕಾರ್ಡು ಮುಂದೆ ಹಿಡಿದರು. ಮಗಳಿಗೆ ಕೆಲಸ ಕೊಟ್ಟ ಮನೆ, ಮೊದಲ ಕಾರ್ಡು ಇಲ್ಲಿಗೇ ಆಗಲಿ, ಮದುವೆಗೆ ಬರಬೇಕು ಎಂದು ಕರೆದರು. ಬಿ.ಪಿ. ಕೈ ಚಾಚಲಿಲ್ಲ. ಗದ್ದ ಮೇಲೆತ್ತಿ ಮೇಜಿನ ಕಡೆಗೆ ತೋರಿಸಿದ.

"ಅಲಿ ಇಡು ಚನ."

ಪ್ರಿಂಟರು ಆ ಹೊತ್ತಿಗೆ ಸುಮ್ಮನಾಗಿತ್ತು. ರೋಜಾ ಕಿವಿ ನಂಬದೆ ಅದರ ಕಡೆ ನೋಡಿದಳು. ಇದನ್ನು ರಿಪೇರಿ ಮಾಡಿ ಏನು ಬಂತು, ಅಸಲು ಕೆಟ್ಟದ್ದು ಎದುರಿಗೆ ಅಂಗಿ ಹಾಕಿಕೊಂಡು ನಿಂತಿದೆ.

ಚನ್ನಯ್ಯನವರು ಕಾರ್ಡನ್ನು ಮೇಜಿನ ಮೇಲೆ ಇಡಲಿಲ್ಲ. ಹಿಡಿದ ಕೈ ಇಳಿಸಲೂ ಇಲ್ಲ. "ಬರ್ದದೆ ಬುದ್ದಿ. ಓದಿ" ಎಂದರು.

ಬಿ.ಪಿ. ಹೂಂ ಹೂಂ ಎಂದು ತಲೆಯಾಡಿಸಿದ. ಓದಿ ಎಂದರು ಅವರು ಮತ್ತೆ, ಹಿಂದಿನಷ್ಟೇ ಮೆತ್ತಗೆ, ಸರದಿ ಬರುವವರೆಗೆ ತೂಬಿನ ಹತ್ತಿರ ಕಾಯುವ ಹಾಗೆ. ಬಿ.ಪಿ.ಯ ತುಟಿಯ ತುದಿಯಲ್ಲಿ ಕೆಂಪು ಹನಿ ಮೂಡಿತು. ಕಣ್ಣು ಕಿಟಕಿಯ ಕಡೆ ಹೋಯಿತು, ಅದರ ಮುಂದೆ ಅಮೃತೇಶ. ಮೆಟ್ಟಿಲ ಕಡೆ ಹೋಯಿತು, ಅಲ್ಲಿ ಇವರು, ಇವರ ಹಿಂದೆ ಕಾರ್ಡು ನೋಡಲೆಂದು ಹತ್ತಿ ಬಂದ ಬೇಕರಿ ಚಿಕ್ಕಸ್ವಾಮಿ. "ಶೀ ಚನ..." ಎಂದು ಶುರುಮಾಡಿದ. ಹನಿ ಗದ್ದಕ್ಕೆ ಇಳಿದು ಅಂಗಿಯ ಮೇಲೆ ಬಿತ್ತು. ಬಾಯಿ ಮುಚ್ಚಿಕೊಂಡ. ಉಗಿಯಲು ಜಾಗವಿಲ್ಲ, ಉಗಿಯದೆ ಮಾತಿಲ್ಲ.

ಬಿ.ಪಿ. ಕಣ್ಣು ಮುಚ್ಚಿ ನುಂಗಿದ. ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು, ಎಲ್ಲದರ ರಸ, ಅಷ್ಟೂ. ಗಂಟಲ ಗಂಟು ಬಾವಿಯ ಕೊಡದ ಹಾಗೆ ಕೆಳಗೆ ಹೋಗಿ ಮೇಲೆ ಬಂತು. ಮುಖ ಮೊದಲು ಕೆಂಪಾಯಿತು, ಆಮೇಲೆ ವೀಳ್ಯದೆಲೆಯ ಬಣ್ಣಕ್ಕೆ ತಿರುಗಿತು. ಬಿಕ್ಕಳಿಕೆ ಬಂತು. ರೋಜಾಳಿಗೆ ನೋಡಲಾಗಲಿಲ್ಲ, ಆದರೂ ನೋಡಿದಳು.

"ಶ್ರೀ... ಕ್... ಚನ್ನಯ್ಯ... ಕ್... ನವರ" ಎಂದು ಓದಿದ. ಒತ್ತೆಲ್ಲ ಇತ್ತು.

ಚನ್ನಯ್ಯನವರು ಕಾರ್ಡನ್ನು ಅವನ ಕೈಗೇ ಇಟ್ಟರು. ಅವನು ಹಿಡಿದುಕೊಂಡ; ಬೇಡವೆನ್ನುವ ಸ್ಥಿತಿಯಲ್ಲಿ ಇರಲಿಲ್ಲ. ಒಂದು ಕೈಯಿಂದ ಹೊಟ್ಟೆ ಒತ್ತಿಕೊಂಡು, ಇನ್ನೊಂದನ್ನು ರೋಜಾಳ ಕಡೆ ತೋರಿಸಿ, "ನೀನು ನಾಳೆಯಿಂದ... ಕ್..." ಎಂದು ನಿಂತ.

ರೋಜಾ ಗದ್ದ ಮೇಲೆತ್ತಿ, ಕೆಳತುಟಿ ಚಾಚಿ, ಅವನದೇ ದನಿಯಲ್ಲಿ ಮುಗಿಸಿಕೊಟ್ಟಳು. "ಬಬೇಡ."

ಅಮೃತೇಶ ಫೋನಿನ ಕಡೆ ನೋಡಿದ, ರೋಜಾಳ ಕಡೆ ನೋಡಿದ, ಮತ್ತೆ ಫೋನಿನ ಕಡೆ ನೋಡಿದ. ಉಳಿದ ಕಾರ್ಡುಗಳನ್ನು ಅವನೇ ಒಂದೊಂದಾಗಿ ಸಿಕ್ಕಿಸಿ ಹೊಡೆದು, ಅಂಚು ಕೂಡಿಸಿ, ಚೀಲಕ್ಕೆ ಇಳಿಸಿದ.

ರೋಜಾ ಹಾಳಾದ ಕಾರ್ಡುಗಳನ್ನೆಲ್ಲ ಹರಿದು ಚೂರು ಮಾಡಿದಳು, ಮಸಿ ಕೈಯನ್ನು ಇನ್ನೊಂದು ಸಲ ತೊಳೆದು ಬಂದು ಚೀಲದ ಒಂದು ಕಿವಿ ಹಿಡಿದಳು. ಇನ್ನೊಂದು ಕಿವಿ ಹಿಡಿದ ಚನ್ನಯ್ಯನವರು ಮೆಟ್ಟಿಲ ಬಾಗಿಲಲ್ಲಿ ನಿಂತು, ಹೋಗುವವರು ಇರುವವರಿಗೆ ಹೇಳುವ ಮಾತನ್ನು ಹೇಳಿದರು.

"ಬತ್ತೀನಿ, ಬಸ್ವಪಸಾದೂ."

ಪ್ರಸಾದದ ಆ ಒತ್ತು ಅಪ್ಪನ ನಾಲಿಗೆಯಲ್ಲಿ ಹುಟ್ಟಿದಾಗಿನಿಂದಲೂ ಇರಲಿಲ್ಲ. ಇವತ್ತು ಮಾತ್ರ ಅದನ್ನು ಬೇಕೆಂದೇ ಬಿಟ್ಟ ಹಾಗೆ ಕೇಳಿಸಿತು. ಬುದ್ದಿ ಎಂಬ ಮಾತಂತೂ ಎಲ್ಲೂ ಇರಲಿಲ್ಲ.